ಮಾವನ ಮನೆಯ ವರಸೆಗಳನ್ನು ಕಂಪ್ಯೂಟರಿಗೆ ಕಲಿಸಿದ ಬಗ್ಗೆ

ಈ ಅಧ್ಯಾಯದ ಆರಂಭದಲ್ಲಿಯೇ ಓದುಗರಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ನಾನು ಇದುವರೆಗೆ ಬರೆದಿರುವುದೆಲ್ಲವೂ ಕಚೇರಿಯ ಪತ್ರಗಳು. ಅವುಗಳಲ್ಲಿ ವಿಷಯವನ್ನು ಮೊದಲು ಕಾಣಿಸಿ, ಅನಂತರ ಉಲ್ಲೇಖವನ್ನು ನಮೂದಿಸಿ, ಕೊನೆಯಲ್ಲಿ ಕೋರಿಕೆಯನ್ನು ಸಲ್ಲಿಸುವುದು ಪದ್ಧತಿ. ನಾನು ಬೆಳೆದ ಮನೆಯನ್ನು ಕುರಿತು ಬರೆಯಲು ಕುಳಿತಾಗ ಉಲ್ಲೇಖಿಸಲು ಯಾವ ದಾಖಲೆಯೂ ನನ್ನ ಬಳಿ ಇರಲಿಲ್ಲ. ಕೋರುವುದಕ್ಕೂ ಈಗ ಏನೂ ಉಳಿದಿಲ್ಲ. ಆದ್ದರಿಂದ ವಿಷಯವನ್ನು ಮಾತ್ರ, ನನಗೆ ತಿಳಿದ ಕ್ರಮದಲ್ಲಿ, ಲೋಪವಿದ್ದಲ್ಲಿ ಮನ್ನಿಸಬೇಕೆಂಬ ವಿನಂತಿಯೊಂದಿಗೆ ಮಂಡಿಸುತ್ತಿದ್ದೇನೆ.

ನನ್ನ ಸ್ವಂತ ಊರು ಉಯ್ಯಂಬಳ್ಳಿಯ ಹತ್ತಿರ. ಹತ್ತನೆಯ ತರಗತಿ ಮುಗಿದ ಮೇಲೆ ಕಂಪ್ಯೂಟರ್ ಸೈನ್ಸ್ ಓದಬೇಕೆಂದು ನಾನು ಹಟ ಹಿಡಿದೆ. ಆ ವಿಷಯವಿದ್ದ ಕಾಲೇಜಿಗೆ ನಮ್ಮ ಊರಿನಿಂದ ದಿನವೂ ಹೋಗಿಬರುವುದು ಸಾಧ್ಯವಿರಲಿಲ್ಲವಾದ್ದರಿಂದ, ಕೈಲಾಂಚದ ಕಡೆ ಇದ್ದ ನನ್ನ ಸೋದರಮಾವನ ಮನೆಯಲ್ಲಿ ನನ್ನನ್ನು ಬಿಡಲಾಯಿತು. ಅಲ್ಲಿಂದ ರಾಮನಗರಕ್ಕೆ ಬಸ್ಸು ಇತ್ತು. ಸದರಿ ಮನೆಯಲ್ಲಿ ಇದ್ದವರು ನಾಲ್ವರು: ನನ್ನ ತಾಯಿಯ ಅಣ್ಣನಾದ ಮಾವ, ಅವರ ಹೆಂಡತಿಯಾದ ಅತ್ತೆ, ಅವರ ಒಬ್ಬನೇ ಮಗ ಮಂಜುನಾಥ ಮತ್ತು ನನ್ನ ತಾಯಿಯ ತಾಯಿಯಾದ ಅಜ್ಜಿ. ನಾನೂ ನಮ್ಮ ಮನೆಗೆ ಒಬ್ಬಳೇ ಮಗಳು. ಮಂಜುನಾಥ ನನಗಿಂತ ಎರಡು ವರ್ಷ ದೊಡ್ಡವನು, ಡಿಪ್ಲೊಮಾ ಓದುತ್ತಿದ್ದ. ಮಗಳ ಮಗಳನ್ನು ಮಗನ ಮಗನಿಗೆ ತಂದುಕೊಳ್ಳಬೇಕೆಂಬುದು ಅಜ್ಜಿಯ ಇಚ್ಛೆ. ತನ್ನ ಅಣ್ಣನ ಮಗಳನ್ನೇ ತರಬೇಕೆಂಬುದು ಅತ್ತೆಯ ಇಚ್ಛೆ. ಈ ಎರಡು ಇಚ್ಛೆಗಳ ನಡುವೆ ನನ್ನ ಹಾಸಿಗೆ, ಪುಸ್ತಕದ ಚೀಲ ಮತ್ತು ಊಟದ ತಟ್ಟೆಗೆ ಜಾಗ ಮಾಡಿಕೊಡಲಾಗಿತ್ತು. ಆ ಮದುವೆ ಮುಂದೆ ನಡೆಯಲಿಲ್ಲವೆಂಬುದನ್ನು ಇಲ್ಲಿಯೇ ತಿಳಿಸಿಬಿಡುತ್ತೇನೆ, ಏಕೆಂದರೆ ಈ ಅಧ್ಯಾಯದ ವಿಷಯ ಅದಲ್ಲ.

ಮನೆಯ ಅರ್ಧಭಾಗ ರೇಷ್ಮೆ ಹುಳುಗಳದ್ದು. ಹಜಾರದ ಉದ್ದಕ್ಕೂ ಅಟ್ಟಣೆ, ಅಟ್ಟಣೆಯ ತುಂಬ ತಟ್ಟೆ, ತಟ್ಟೆಯ ತುಂಬ ಹುಳು. ಉಳಿದ ಅರ್ಧದಲ್ಲಿ ಅಡುಗೆಮನೆ, ಅಜ್ಜಿ ಮತ್ತು ನಾನು ಮಲಗುವ ಕೋಣೆ ಹಾಗೂ ಬೀದಿಗೆ ಕಿಟಕಿಯಿದ್ದ ಒಂದು ಸಣ್ಣ ಕೋಣೆ. ಹುಳು ದೊಡ್ಡವಾದಂತೆ ಮನೆಯ ಕಾಯಿದೆಗಳೂ ದೊಡ್ಡವಾಗುತ್ತಿದ್ದವು. ಹೊರಗಿನವರು ಒಳಗೆ ಬರುವಂತಿಲ್ಲ. ಪೌಡರ್ ಹಚ್ಚಿಕೊಳ್ಳುವಂತಿಲ್ಲ. ಊದುಬತ್ತಿ ಹಚ್ಚುವಂತಿಲ್ಲ. ವಾಸನೆ ಹುಳುವಿಗೆ ಆಗದೆಂದು ಅತ್ತೆ ಸಾರಿಗೆ ಒಗ್ಗರಣೆಯನ್ನೂ ಹಾಕುತ್ತಿರಲಿಲ್ಲ. ಆ ದಿನಗಳಲ್ಲಿ ನಾವು ಬೇಯಿಸಿದ್ದನ್ನು ಬೇಯಿಸಿದಂತೆಯೇ ಮುದ್ದೆಯ ಜೊತೆ ನುಂಗುತ್ತಿದ್ದೆವು. ಗಟ್ಟಿಯಾಗಿ ಮಾತನಾಡಿದರೆ ಅಜ್ಜಿ ತುಟಿಯ ಮೇಲೆ ಬೆರಳಿಡುತ್ತಿದ್ದರು. ತಿಂಗಳಿನ ಆ ಮೂರು ದಿನ ನಾನು ಹಜಾರವನ್ನು ದಾಟದೆ ಹಿತ್ತಲ ಬಾಗಿಲಿನಿಂದಲೇ ಓಡಾಡಬೇಕಿತ್ತು. ಉಯ್ಯಂಬಳ್ಳಿಯ ನಮ್ಮ ಮನೆಯಲ್ಲಿ ಜಗಳವಾದರೂ ಸದ್ದು ಇರುತ್ತಿತ್ತು. ಇಲ್ಲಿ ಎಲ್ಲರೂ ಇದ್ದೂ ಯಾರೂ ಇಲ್ಲದ ಹಾಗೆ ಸಂಜೆಯಾಗುತ್ತಿತ್ತು. ಕಾಲೇಜಿನಿಂದ ಬಂದವಳು ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುವ ಮಣೆಯ ಮುಂದೆ ಕುಳಿತರೆ, ದಿನದ ಯಾವ ಸಂಗತಿಯನ್ನು ಯಾರಿಗೆ ಹೇಳಬೇಕೆಂದು ತಿಳಿಯದೆ, ಹೇಳಬೇಕಾದ್ದನ್ನು ಮನಸ್ಸಿನಲ್ಲಿಯೇ ಒಂದು ಸಲ ಹೇಳಿಕೊಂಡು ಮುಗಿಸುತ್ತಿದ್ದೆ.

ಬೀದಿಯ ಕಡೆಯ ಸಣ್ಣ ಕೋಣೆಯಲ್ಲಿ ಮಂಜುನಾಥನ ಕಂಪ್ಯೂಟರ್ ಇತ್ತು. ಅವನ ಓದಿಗೆಂದು ಮಾವ ಕೊಡಿಸಿದ್ದು. ಹುಳುವಿನ ಹಾಸಿಗೆಗೆ ಉದುರಿಸುವ ಸುಣ್ಣದ ಪುಡಿ ತಾಗದಂತೆ ಅದರ ಮೇಲೆ ಯಾವಾಗಲೂ ಒಂದು ಒಣ ಟವೆಲ್ಲು ಹೊದಿಸಿರುತ್ತಿದ್ದರು. ನಾನೂ ಅದನ್ನು ಬಳಸಬಹುದೆಂದು ಮಾವ ಹೇಳಿದ್ದರು. ಆದರೆ ನಾನು ಆ ಕೋಣೆಯ ಹೊಸ್ತಿಲು ತುಳಿದ ಕೂಡಲೇ ಮಂಜುನಾಥ ಕುರ್ಚಿಯಿಂದ ಎದ್ದು, ನನ್ನ ಮುಖ ನೋಡದೆ, ಹೊರಗೆ ಹೋಗಿಬಿಡುತ್ತಿದ್ದ. ಅದು ಸಿಟ್ಟಲ್ಲ. ಬಂದವರೆಲ್ಲರೂ ನಮ್ಮಿಬ್ಬರನ್ನು ಜೋಡಿಸಿ ಮಾತನಾಡಿ ಮಾತನಾಡಿ ಹಾಗೆ ಮಾಡಿದ್ದರು.

“ಏನಮ್ಮಿ ಭಾಗ್ಯ, ಎಲ್ರೂ ಓದ್ಬುಟ್ಟು ಗಂಡನ ಮನೆಗ್ ಹೋಯ್ತಾರೆ. ನೀನು ಗಂಡನ ಮನೆಗೇ ಓದಾಕ್ ಬಂದ್ಬುಟ್ಯಲ್ಲ!”

ಹೀಗೆಂದವರು ಪಕ್ಕದ ಮನೆಯ ರಾಮಣ್ಣ, ಮಾವನ ಜೊತೆಗಾರರು. ಅವರು ನಕ್ಕು ಹೋದರು. ಅಂದಿನಿಂದ ಮಂಜುನಾಥ ನಾನಿದ್ದ ಕಡೆ ನೀರು ಕೇಳುವುದನ್ನೂ ಬಿಟ್ಟ. ವಿಚಿತ್ರವೆಂದರೆ ಆ ಮನೆಯಲ್ಲಿ ನನ್ನ ಪಾಠದ ಭಾಷೆ ಬಲ್ಲವನು ಅವನೊಬ್ಬನೇ.

ದ್ವಿತೀಯ ವರ್ಷದಲ್ಲಿ ನಮ್ಮ ಉಪನ್ಯಾಸಕಿಯವರು ಎಲ್ಲರೂ ಪ್ರಾಜೆಕ್ಟ್ ಮಾಡಬೇಕೆಂದೂ, ಪ್ರಾಯೋಗಿಕ ಪರೀಕ್ಷೆಗೆ ಹೊರಗಿನಿಂದ ಬರುವ ಪರೀಕ್ಷಕರು ಅದನ್ನು ನೋಡುವರೆಂದೂ ತಿಳಿಸಿದರು. ತರಗತಿಯವರು ಇಬ್ಬಿಬ್ಬರಾಗಿ ಸೇರಿಕೊಂಡು ಗ್ರಂಥಾಲಯದ ಪ್ರೋಗ್ರಾಂ, ಬ್ಯಾಂಕಿನ ಪ್ರೋಗ್ರಾಂ ಎಂದು ಹೆಸರು ಕೊಟ್ಟರು. ಬೆಸ ಸಂಖ್ಯೆಯ ತರಗತಿಯಲ್ಲಿ ಉಳಿದವಳು ನಾನು. ಮೇಡಂ ನನ್ನ ವಿಷಯವನ್ನು ಕೇಳಿದಾಗ, ಯಾವ ಸಿದ್ಧತೆಯೂ ಇಲ್ಲದೆ, “ವರಸೆ ಮೇಡಂ” ಎಂದುಬಿಟ್ಟೆ. ಅದಕ್ಕೆ ಕಾರಣವಿತ್ತು. ಮಾವನ ಮನೆಗೆ ಬರುವ ನೆಂಟರನ್ನು ಏನೆಂದು ಕರೆಯಬೇಕೆಂಬುದೇ ನನಗೆ ತಿಳಿಯುತ್ತಿರಲಿಲ್ಲ. ಚಿಕ್ಕಪ್ಪನಾಗಬೇಕಾದವರನ್ನು ಮಾವ ಎಂದು ಕರೆದು, ಹೆಂಗಸರೆಲ್ಲ ಸೆರಗು ಬಾಯಿಗಿಟ್ಟು ನಕ್ಕ ಮೇಲೆ, ನಾನು ಯಾರನ್ನೂ ಏನೂ ಕರೆಯದೆ ಲೋಟವನ್ನು ಮುಂದೆ ಇಟ್ಟು ಒಳಗೆ ಹೋಗುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ಎರಡು ಹೆಸರು ಕೊಟ್ಟರೆ ಮೊದಲನೆಯವರಿಗೆ ಎರಡನೆಯವರು ಏನಾಗಬೇಕೆಂದು ಹೇಳುವ ಪ್ರೋಗ್ರಾಂ ಇದ್ದರೆ ಕರೆಯಲು ಒಂದು ಹೆಸರಾದರೂ ಸಿಕ್ಕೀತೆಂದು ನನ್ನ ಆಲೋಚನೆ.

ಅಜ್ಜಿಗೆ ಇದನ್ನು ವಿವರಿಸಿದಾಗ ಅವರು ಬಹಳ ಸಂತೋಷಪಟ್ಟರು. ಭಾನುವಾರ ತಲೆಗೆ ಎಣ್ಣೆ ಹಚ್ಚುತ್ತ, ಯಾರ ಮಗಳು ಯಾರ ಮನೆಗೆ ಹೋದಳು, ಅವಳ ಹೊಟ್ಟೆಯಲ್ಲಿ ಎಷ್ಟು ಜನ ಎಂಬುದನ್ನು ದೊಡ್ಡಆಲಹಳ್ಳಿಯಿಂದ ಮಾಗಡಿಯವರೆಗೆ ಹೇಳಿಕೊಂಡು ಹೋಗುತ್ತಿದ್ದರು. ನಾನು ಪ್ರತಿ ವ್ಯಕ್ತಿಗೂ ಒಂದು ಕ್ರಮಸಂಖ್ಯೆ ಕೊಟ್ಟು, ತಂದೆ, ತಾಯಿ, ಗಂಡ ಅಥವಾ ಹೆಂಡತಿಯ ಸಂಖ್ಯೆಯನ್ನು ಅದರ ಮುಂದೆ ಜೋಡಿಸುತ್ತಿದ್ದೆ. ಎಣ್ಣೆಯ ಕೈ ನನ್ನ ನೆತ್ತಿಯ ಮೇಲಿದ್ದಷ್ಟು ಹೊತ್ತು ನನಗೆ ಆ ಮನೆ ನನ್ನದೆನಿಸುತ್ತಿತ್ತು. ಕಂಪ್ಯೂಟರಿಗೆ ಸಮಯ ಸಿಗುತ್ತಿದ್ದುದು ಹುಳುಗಳು ಜ್ವರಕ್ಕೆ ಕೂತಾಗ. ಪೊರೆ ಕಳಚುವ ಮುನ್ನ ಹುಳುಗಳು ಮೇವು ಬಿಟ್ಟು, ತಲೆ ಎತ್ತಿಕೊಂಡು ಅಲುಗದೆ ಕೂರುವ ಅವಧಿಗೆ ನಮ್ಮ ಕಡೆ ಜ್ವರವೆನ್ನುತ್ತಾರೆ. ಆಗ ಸೊಪ್ಪಿನ ಕೆಲಸವಿರುವುದಿಲ್ಲ, ಎಲ್ಲರ ಕೈಗೂ ಬಿಡುವು. ಹುಳು ಎಚ್ಚರಗೊಂಡರೆ ನನ್ನ ಪ್ರೋಗ್ರಾಂ ನಿಲ್ಲುತ್ತಿತ್ತು.

ಒಂದು ಸಲ ಹೀಗೆ ಹುಳುಗಳು ಜ್ವರದಿಂದ ಎದ್ದು, ಕೆಲಸವನ್ನು ಅರ್ಧದಲ್ಲಿ ಬಿಟ್ಟು ಹೋಗಬೇಕಾಯಿತು. ಪರದೆಯ ತುಂಬ ದೋಷಗಳ ಸಾಲು. ಹಲವು ದಿನಗಳಿಂದ ಅವು ಹೋಗಿರಲಿಲ್ಲ. ಮರಳಿ ಬಂದು ನೋಡಲಾಗಿ, ನನ್ನ ಕಡತದ ನಡುವೆ ನಾನು ಬರೆಯದ ಒಂದು ಸಾಲು ಕಂಡುಬಂದಿತು. ಪ್ರೋಗ್ರಾಂ ಬರೆಯದವರಿಗಾಗಿ ಇಲ್ಲಿ ತಿಳಿಸಬೇಕಾದದ್ದೇನೆಂದರೆ, ಎರಡು ಓರೆಗೆರೆಗಳನ್ನು ಹಾಕಿ ಬರೆದ ಮಾತನ್ನು ಯಂತ್ರ ಓದುವುದಿಲ್ಲ. ಅದನ್ನು ದಾಟಿಕೊಂಡು ಮುಂದೆ ಹೋಗುತ್ತದೆ. ಅದು ಮನುಷ್ಯರು ಮನುಷ್ಯರಿಗಾಗಿ ಬರೆಯುವ ಸಾಲು. ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದ್ದ ಆ ಕನ್ನಡವನ್ನು ಇಲ್ಲಿ ಕನ್ನಡ ಲಿಪಿಗೆ ಇಳಿಸಿದ್ದೇನೆ.

// ಮೇಲಿನ ಸಾಲಲ್ಲಿ ಸೆಮಿಕೋಲನ್ ಬಿಟ್ಟಿದ್ದೀಯ. ಅದೊಂದ್ ಹಾಕು, ಎಲ್ಲಾ ಹೋಯ್ತದೆ.

ಹಾಕಿದೆ. ಎಲ್ಲವೂ ಹೋದವು. ಕುರ್ಚಿಯಿಂದ ಎದ್ದು ಕಿಟಕಿಯಲ್ಲಿ ನೋಡಿದರೆ ಮಂಜುನಾಥ ಜಗಲಿಯ ಮೇಲೆ, ಬೀದಿಯ ಕಡೆ ಮುಖ ಮಾಡಿ, ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ನಾನು ಅವನ ಸಾಲಿನ ಕೆಳಗೆ ಎರಡು ಗೆರೆ ಹಾಕಿ “ಥ್ಯಾಂಕ್ಸ್” ಎಂದು ಬರೆದು, ಟವೆಲ್ಲು ಹೊದಿಸಿ ಬಂದೆ. ಅಲ್ಲಿಂದ ನಾವಿಬ್ಬರೂ ಮಾತನಾಡತೊಡಗಿದೆವು. ಮನೆಯೊಳಗೆ ಎಂದಿನಂತೆ ಎದುರಾದರೆ ತಲೆ ತಗ್ಗಿಸುತ್ತಿದ್ದೆವು. ಕಡತದೊಳಗೆ ಅವನು ನನ್ನನ್ನು ಗೇಲಿ ಮಾಡುತ್ತಿದ್ದ.

// ಅರವತ್ತು ಜನಕ್ಕೆ ಜಾಗ ಇಟ್ಟಿದ್ದೀಯಲ್ಲ, ಅಜ್ಜಿ ಬಾಯಿ ತೆಗೆದ್ರೆ ಆರ್ನೂರು ಬೇಕು.

// ಇವತ್ತು ಸಾರಲ್ಲಿ ಉಪ್ಪೇ ಇರ್ಲಿಲ್ಲ. ನೀನಾ ಅಮ್ಮನಾ?

// ಅತ್ತೆ. ನಾನಾಗಿದ್ರೆ ಮುದ್ದೇಲೂ ಗಂಟಿರ್ತಿತ್ತು.

ಕಾಲೇಜಿನ ಬಸ್ಸಿನಲ್ಲಿ ಕುಳಿತು, ಸಂಜೆ ಏನು ಬರೆದಿರಬಹುದೆಂದು ಯೋಚಿಸುವುದು ನನಗೆ ರೂಢಿಯಾಯಿತು. ಇದನ್ನು ಪ್ರೀತಿಯೆಂದು ಓದುಗರು ಭಾವಿಸಬಾರದೆಂದು ಕೋರುತ್ತೇನೆ. ಅದು ಆಗಿದ್ದರೆ ಅಜ್ಜಿಯ ಇಚ್ಛೆ ಸುಲಭವಾಗಿ ನೆರವೇರುತ್ತಿತ್ತು. ಮಾತನಾಡಲು ಒಬ್ಬರು ಇದ್ದಾರೆಂಬುದು ಮಾತ್ರ ನನಗೆ ಸಿಕ್ಕಿದ್ದು, ಮತ್ತು ನನಗೆ ಬೇಕಾಗಿದ್ದುದೂ ಅಷ್ಟೇ.

ಪ್ರೋಗ್ರಾಂ ಮುಗಿಯಿತು. ಅದು ಮೊದಲು ತಂದೆಯ ಕಡೆಯಿಂದ ಹುಡುಕುತ್ತಿತ್ತು. ಸಂಬಂಧ ಸಿಕ್ಕರೆ ಅಲ್ಲಿಯೇ ನಿಂತು ಉತ್ತರ ಹೇಳುತ್ತಿತ್ತು. ಸಿಗದಿದ್ದರೆ ಮಾತ್ರ ತಾಯಿಯ ಕಡೆಗೆ ಹೋಗುತ್ತಿತ್ತು. ಯಾವ ಅರ್ಜಿಯಲ್ಲಾದರೂ ತಂದೆಯ ಹೆಸರನ್ನು ಮೊದಲು ಕೇಳುತ್ತಾರಾದ್ದರಿಂದ ನಾನೂ ಹಾಗೆಯೇ ಬರೆದಿದ್ದೆ. ಹೆಚ್ಚಿನ ವಿಚಾರ ಮಾಡಿರಲಿಲ್ಲ. ಮನೆಯ ಉಳಿದ ನಾಲ್ವರ ಹೆಸರುಗಳನ್ನು ಎರಡೆರಡಾಗಿ ಕೊಟ್ಟು ಪರೀಕ್ಷಿಸಿದ್ದೆ, ನನ್ನದನ್ನು ಬಿಟ್ಟು. ನನ್ನದನ್ನು ಹಾಕಿದರೆ ಮಂಜುನಾಥನ ಹೆಸರಿನೊಡನೆಯೂ ಹಾಕಬೇಕಾಗುತ್ತದೆಂದು ನಾಚಿಕೆಯಾಯಿತು. ಕೋಣೆಯಲ್ಲಿ ಯಾರೂ ಇರಲಿಲ್ಲ, ಆದರೂ ನಾಚಿಕೆಯಾಯಿತು.

ರೇಷ್ಮೆಗೂಡು ಮಾರಿ ಬಂದ ದಿನ ಮನೆಯ ಕಾಯಿದೆಗಳೆಲ್ಲ ರದ್ದಾಗುತ್ತಿದ್ದವು. ಮಾವ ರಾಮನಗರದ ಮಾರುಕಟ್ಟೆಯಿಂದ ಬರುವಾಗ ಬಾಡು ತಂದರು. ಅತ್ತೆ ಒಗ್ಗರಣೆ ಹಾಕಿದರು. ಮಸಾಲೆಯ ವಾಸನೆಗೆ ಬೀದಿಯವರಿಗೂ ಗೊತ್ತಾಯಿತು. ತೊಳೆದ ಹಜಾರದಲ್ಲಿ ನೆರೆಹೊರೆಯವರು ಸೇರಿದರು. ಮಾವನಿಗೆ ಅಂದು ಬಹಳ ಉತ್ಸಾಹ.

“ನಮ್ ಹುಡ್ಗಿ ಕಂಪ್ಯೂಟ್ರಿಗೆ ವರಸೆ ಕಲ್ಸವ್ಳೆ ಕಣ್ಲಾ ರಾಮ! ತೋರ್ಸಮ್ಮಿ ಒಸಿ.”

ಎಲ್ಲರೂ ಸಣ್ಣ ಕೋಣೆಯ ಬಾಗಿಲಲ್ಲಿ ಕಿಕ್ಕಿರಿದರು. ಅಜ್ಜಿಯನ್ನು ಕುರ್ಚಿಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂರಿಸಿದರು. ಮಾವನಿಗೆ ಅಜ್ಜಿ ಏನಾಗಬೇಕೆಂದು ಕೇಳಿದಾಗ ತಾಯಿ ಎಂದು ಬಂತು. ಎಲ್ಲರೂ ಹೋ ಎಂದರು. ರಾಮಣ್ಣ ತಮ್ಮ ಹೆಸರನ್ನೂ ಹಾಕೆಂದರು. ಅವರ ಹೆಸರು ನನ್ನ ಪಟ್ಟಿಯಲ್ಲಿ ಇರಲಿಲ್ಲ. ಸಂಬಂಧವಿಲ್ಲ ಎಂದು ಬಂತು.

“ನೋಡ್ಲಾ ರಾಮ, ನೀನು ನಮ್ಗೆ ಏನೂ ಆಗಕಿಲ್ವಂತೆ! ಮತ್ತೆ ಬಾಡೂಟಕ್ ಹೆಂಗ್ಲಾ ಬಂದೆ?” ಎಂದು ಮಾವ ನಕ್ಕರು.

“ಇರ್ಲಿ ಬುಡು, ನನ್ ಕತೆ. ಈ ಹುಡ್ಗಿಗೂ ನಮ್ ಮಂಜಂಗೂ ಏನಾಗ್ಬೇಕು, ಅದ ಕೇಳವ್ವ ಈಗ.”

“ಅದ್ಯಾಕ್ಲಾ ಕೇಳೀಯೆ? ಊರಿಗೇ ಗೊತ್ತಿರಾದು,” ಎಂದರು ಅಜ್ಜಿ. ಅವರ ಮುಖದಲ್ಲಿ ನಗು ಇತ್ತು.

“ಗೊತ್ತಿರಾದ್ನೇ ಹೇಳ್ತದೋ ಇಲ್ವೋ ನೋಡಾನ ಬುಡಜ್ಜಿ.”

ಹೆಂಗಸರು ನನ್ನ ಬೆನ್ನು ತಟ್ಟಿದರು. ನಾನು ಟೈಪ್ ಮಾಡಿದೆ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಉತ್ತರ ಮೂಡಿತು. ಅದನ್ನು ನಾನು ಮನಸ್ಸಿನಲ್ಲಿ ಮಾತ್ರ ಓದಿಕೊಂಡೆ.

“ಏನಂತೆ?” ಅತ್ತೆ ಹಿಂದಿನಿಂದ ಕೇಳಿದರು. “ಮಂಜ, ನೀನಾದ್ರೂ ಓದ್ಲಾ.”

ಬಾಗಿಲಿಗೆ ಒರಗಿ ನಿಂತಿದ್ದ ಮಂಜುನಾಥ ಪರದೆಯನ್ನು ನೋಡದೆಯೇ ಹೇಳಿದ.

“ಅಣ್ಣ ಅಂತ ಬಂದೈತೆ.”

ಯಾರೂ ನಗಲಿಲ್ಲ. ಆಮೇಲೆ ಅತ್ತೆಯೊಬ್ಬರೇ ನಕ್ಕರು.

“ನೋಡಿದ್ರಾ? ನಾನ್ ಬಾಯ್ಬುಟ್ಟು ಹೇಳಿದ್ರೆ ಸೊಸೆ ಕೆಟ್ಟೋಳು. ಈ ಮಿಸೀನ್ಗೇನು, ನಮ್ಮಣ್ಣನ ಮಗಳ ಮ್ಯಾಲೆ ಆಸೆನಾ?”

“ಮಿಸೀನ್ಗೆ ಏನೇ ಗೊತ್ತು? ನನ್ ಮಗಳ ಹೊಟ್ಟೇಲಿ ಹುಟ್ಟಿದ್ ಕೂಸು ನನ್ ಮೊಮ್ಮಗನ್ಗೆ ತಂಗಿಯಾ?”

“ನಮ್ಮಪ್ಪ ಇವ್ಳ ಅಪ್ಪನಿಗೆ ಸೋದರಮಾವ ಅಲ್ವಾ ಅತ್ತೆ? ಹಂಗ್ ಬಂದ್ರೆ ನಾನು ಇವ್ಳಿಗೆ ಚಿಕ್ಕವ್ವ. ಚಿಕ್ಕವ್ವನ ಮಗ ಅಣ್ಣ ಆಗ್ದೆ ಇನ್ನೇನಾದಾನು?”

“ಎರಡ್ ವರ್ಸದಿಂದ ಈ ಹುಡ್ಗಿ ಕೈಲಿ ಅತ್ತೆ ಅನ್ನಿಸ್ಕೊಂಡು, ಇವತ್ತು ಚಿಕ್ಕವ್ವ ಆಗ್ಬುಟ್ಟೆಯಾ?”

ಅತ್ತೆ ಹೇಳಿದ್ದು ನಿಜ. ನನ್ನ ತಂದೆಯ ಸೋದರಮಾವನ ಮಗಳೇ ಅತ್ತೆ. ತಂದೆಯ ದಾರಿಯಲ್ಲಿ ಬಂದರೆ ಅವರ ಮಗ ನನಗೆ ಅಣ್ಣ, ತಾಯಿಯ ದಾರಿಯಲ್ಲಿ ಬಂದರೆ ಭಾವ. ಇಂಥ ಎರಡು ದಾರಿಗಳು ನಮ್ಮ ಕಡೆ ಎಲ್ಲ ಮನೆಗಳಲ್ಲೂ ಇರುತ್ತವೆ. ಹತ್ತಿರದ ವರಸೆ ಇರುವಾಗ ದೂರದ್ದನ್ನು ಯಾರೂ ಹಿಡಿಯುವುದಿಲ್ಲ, ಅದನ್ನು ಬಾಯಿ ಬಿಟ್ಟು ಆಡುವುದೂ ಇಲ್ಲ. ಯಾರೂ ಆಡದ್ದರಿಂದಲೇ ಆ ನಿಯಮ ನನಗೆ ತಿಳಿದಿರಲಿಲ್ಲ. ನನ್ನ ಪ್ರೋಗ್ರಾಮಿಗೂ ತಿಳಿದಿರಲಿಲ್ಲ. ಮಾವ ಊಟ ತಣ್ಣಗಾಗುತ್ತದೆಂದು ಎಲ್ಲರನ್ನೂ ಎಬ್ಬಿಸಿದರು. ಎಲ್ಲರೂ ಉಂಡರು. ಅಜ್ಜಿ ಉಣ್ಣಲಿಲ್ಲ. ಕೋಣೆಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದ್ದರು. ನಾನು ತಟ್ಟೆ ಹಿಡಿದು ಹತ್ತಿರ ಹೋದೆ.

“ಅಜ್ಜಿ, ಅದು ತಪ್ಪು ಬಂದಿರೋದು.”

“ತಪ್ಪು ಹೆಂಗ್ ಬತ್ತದೆ? ಬರೆದೋಳು ನೀನೇ ತಾನೆ? ನಿನ್ ಮನ್ಸಲ್ಲಿ ಇಲ್ದಿದ್ದು ಅದರ ಬಾಯಲ್ಲಿ ಹೆಂಗ್ ಬತ್ತದೆ?”

ತಟ್ಟೆಯನ್ನು ಅವರ ಪಕ್ಕದಲ್ಲಿ ಮುಚ್ಚಿಟ್ಟು ಬಂದೆ. ಮುಂದಿನ ಭಾನುವಾರ ನಾನು ಎಣ್ಣೆಯ ಬಟ್ಟಲನ್ನು ಹಿಡಿದು ಅಜ್ಜಿಯ ಮುಂದೆ ಕುಳಿತೆ. ಅವರು ಎದ್ದು ಹಿತ್ತಲಿಗೆ ಹೋದರು. ನಾನೇ ಹಚ್ಚಿಕೊಂಡೆ. ಸೋಮವಾರ ಅವರು ಮಾವನೊಡನೆ, ನನಗೆ ಕೇಳಿಸಲೆಂದೇ, ಮಾತನಾಡಿದರು.

“ಸೊಸೆಯಾಗೋಳು ಅಂತ ಇಟ್ಕಂಡಿದ್ದು. ತಂಗಿ ಆದ್ಮ್ಯಾಲೆ ಇಲ್ಲೇನ್ ಕೆಲ್ಸ? ಅವ್ರವ್ವಂಗೆ ಫೋನ್ ಮಾಡು. ಬಂದು ಕರ್ಕೊಂಡೋಗ್ಲಿ.”

ಪ್ರಾಯೋಗಿಕ ಪರೀಕ್ಷೆಗೆ ಕೆಲವೇ ವಾರಗಳಿದ್ದವು. ಆ ಮನೆ ಬಿಟ್ಟರೆ ಕಾಲೇಜೂ ಬಿಟ್ಟಂತೆ. ಅವ್ವ ಕನಕಪುರದಲ್ಲಿ ಬಸ್ಸು ಬದಲಿಸಿಕೊಂಡು, ಒಂದು ಚೀಲ ಅವರೆಕಾಯಿ ಹೊತ್ತುಕೊಂಡು ಬಂದಳು. ತನ್ನ ತಾಯಿಯ ಕಾಲ ಬಳಿ ಬಹಳ ಹೊತ್ತು ಕೂತಿದ್ದಳು. ಆಮೇಲೆ ಹಿತ್ತಲಲ್ಲಿ ನನ್ನ ಕೈ ಹಿಡಿದಳು.

“ಏನೋ ಒಂದ್ ಅಕ್ಷರ ತಿದ್ದಿದ್ರೆ ಆಯ್ತದಂತಲ್ಲ. ತಿದ್ಬುಡು ಮಗ. ಪರೀಕ್ಸೆ ಮುಗಿಯಗಂಟ ಇಲ್ಲಿರ್ಬೇಕಲ್ಲ ನೀನು.”

“ಅವ್ವ, ನಂಗೆ ಅವನನ್ನ ಮದುವೆ ಆಗೋಕೆ ಇಷ್ಟ ಇಲ್ಲ.”

“ಈಗ ಯಾರ್ ಮದುವೆ ಮಾಡ್ತಾವ್ರೆ? ಕಂಪ್ಯೂಟ್ರಲ್ಲಿ ಮಾಡ್ಬುಡು. ಮಿಕ್ಕಿದ್ದು ಆಮ್ಯಾಕೆ ನೋಡಾನ.”

ಕಾಲೇಜಿನಲ್ಲಿ ಮೇಡಂ ಬಳಿ, ಮನೆಯ ಸಂಗತಿಯನ್ನು ಹೇಳದೆ, ಸಮಸ್ಯೆಯನ್ನು ಮಾತ್ರ ಇಟ್ಟೆ. ಅವರು ತಕ್ಷಣವೇ ತೀರ್ಪು ಕೊಟ್ಟರು.

“ಎರಡು ದಾರಿ ಇದ್ದರೆ ಹತ್ತಿರದ ದಾರಿ ತಾನೇ ತೆಗೆದುಕೊಳ್ಳಬೇಕು? ಮೊದಲು ಸಿಕ್ಕಿದ್ದಕ್ಕೆ ನಿಂತುಬಿಟ್ಟರೆ ಹೇಗೆ? ನಿನ್ನ ಲಾಜಿಕ್ ತಪ್ಪು ಭಾಗ್ಯ. ಬರುವ ಪರೀಕ್ಷಕರು ಮೊದಲು ಇದನ್ನೇ ಹಿಡಿಯುತ್ತಾರೆ.”

ಹೀಗೆ ಅಜ್ಜಿ, ಅವ್ವ ಮತ್ತು ಮೇಡಂ ಮೂವರ ಅಭಿಪ್ರಾಯವೂ ಒಂದೇ ಆಯಿತು. ತಿದ್ದಲೆಂದು ಆ ಸಂಜೆ ಕೋಣೆಗೆ ಹೋಗಿ ಟವೆಲ್ಲು ತೆಗೆದು ಕಡತವನ್ನು ತೆರೆದೆ. ತಂದೆಯ ದಾರಿಯನ್ನು ಹುಡುಕುವ ಸಾಲುಗಳ ಮೇಲ್ಗಡೆ ಹೊಸದಾಗಿ ಬರೆದಿತ್ತು.

// ನಾನು ದೀಪಾವಳಿ ರಜೇಲೇ ನಮ್ಮಿಬ್ಬರ ಹೆಸರು ಹಾಕಿ ನೋಡಿದ್ದೆ. ಅಣ್ಣ ಅಂತ ಬಂತು. ಬೇಕಂತಲೇ ನಿಂಗೆ ಹೇಳಲಿಲ್ಲ.

// ಇದನ್ನ ಸರಿ ಮಾಡಬೇಡ. ನಂಗೂ ತಂಗಿ ಇಲ್ಲ.

ಹಜಾರದಲ್ಲಿ ಹೊಸ ಬೆಳೆಗೆ ತಟ್ಟೆಗಳನ್ನು ತೊಳೆಯುತ್ತಿದ್ದರು. ಅವನು ಕೇಳಿದ್ದನ್ನೇ ನಾನೂ ಬಯಸಿದ್ದೆ ಎಂಬುದು ಆಗಲೇ ನನಗೆ ತಿಳಿದದ್ದು. ಅಜ್ಜಿಗೆ ಅದು ನನಗಿಂತ ಮುಂಚೆಯೇ ಗೊತ್ತಾಗಿತ್ತು. ಆದರೆ ಅಣ್ಣನಾಗಿ ಉಳಿದವನ ಮನೆಯಲ್ಲಿ ನಾನು ಉಳಿಯುವಂತಿರಲಿಲ್ಲ. ಉಳಿದು ಪರೀಕ್ಷೆ ಬರೆಯಬೇಕಾದರೆ ಅವನನ್ನು ಭಾವನೆಂದು ಬರೆಯಬೇಕಿತ್ತು. ಲೆಕ್ಕದ ಪ್ರಕಾರವೂ ಅದೇ ಸರಿ. ನಾನು ಪ್ರತಿ ದಾರಿಯ ಮೆಟ್ಟಿಲುಗಳನ್ನು ಎಣಿಸಿ, ಕಡಿಮೆ ಇರುವುದನ್ನು ಆರಿಸುವಂತೆ ಪ್ರೋಗ್ರಾಂ ತಿದ್ದಿದೆ. ಅವನ ಎರಡು ಸಾಲುಗಳನ್ನು ಅಳಿಸಲು ಕೈ ಬರಲಿಲ್ಲ. ಅವುಗಳ ಕೆಳಗೆ ಬರೆದೆ:

// ಪರೀಕ್ಷೆ ಬರೀಬೇಕು. ಬೇರೆ ದಾರಿ ಇಲ್ಲ.

ಮಾವ ಮತ್ತೆ ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ ಹೊಸ ಉತ್ತರವನ್ನು ತೋರಿಸಿದರು. ಅಜ್ಜಿಗೆ ಓದು ಬಾರದಾದ್ದರಿಂದ ಮಾವ ಓದಿದರು. ಅಜ್ಜಿ “ಹೂಂ” ಎಂದರು. ಮುಂದಿನ ಭಾನುವಾರ ಎಣ್ಣೆಯ ಬಟ್ಟಲನ್ನು ಅವರೇ ತಂದರು. ಅತ್ತೆ ಅಂದಿನಿಂದ ನನಗೆ ಬಡಿಸುವಾಗ ಸೌಟನ್ನು ಮಾತ್ರ ನೋಡುತ್ತಿದ್ದರು. ಮಂಜುನಾಥ ಆ ಕಡತದಲ್ಲಿ ಮತ್ತೆ ಏನನ್ನೂ ಬರೆಯಲಿಲ್ಲ. ನಾನು ಪ್ರತಿದಿನವೂ ತೆರೆದು ನೋಡುತ್ತಿದ್ದೆ. ಎಲ್ಲಿಯಾದರೂ ನಡುವೆ ಸೇರಿಸಿರಬಹುದೆಂದು ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲಾಗಿ ಓದುತ್ತಿದ್ದೆ. ಒಮ್ಮೆ ನಾನೇ ಒಂದು ಸೆಮಿಕೋಲನ್ನನ್ನು ಬೇಕೆಂದೇ ತೆಗೆದು ಬಿಟ್ಟುಬಂದೆ. ಮರುದಿನವೂ ಅದು ಹಾಗೆಯೇ ಇತ್ತು.

ಪ್ರಾಯೋಗಿಕ ಪರೀಕ್ಷೆಗೆ ಬಂದ ಪರೀಕ್ಷಕರು ವಯಸ್ಸಾದವರು, ನೆಗಡಿಯಾಗಿ ಮಫ್ಲರ್ ಸುತ್ತಿಕೊಂಡಿದ್ದರು. ಅವರು ಯಾವ ಕಾಲೇಜಿನವರೆಂದು ನಮಗೆ ಹೇಳಿರಲಿಲ್ಲ. ಗ್ರಂಥಾಲಯದ ಪ್ರೋಗ್ರಾಂಗಳನ್ನು ಒಂದಾದ ಮೇಲೊಂದು ನೋಡಿ ಬೇಸತ್ತಿದ್ದವರು ನನ್ನ ವಿಷಯವನ್ನು ಕೇಳಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು.

“ವರಸೆನಾ? ಪರವಾಗಿಲ್ವೇ. ನಮ್ಮ ಮನೆಯವರಿಗೂ ಒಂದು ಬೇಕು. ಎಲ್ಲಿ, ನಿನ್ನ ಹೆಸರೇ ಹಾಕು. ಇನ್ನೊಂದು ಹೆಸರು ಯಾವುದಾದರೂ ಆಗಲಿ, ಎರಡು ದಾರಿ ಇರುವಂಥದ್ದು.”

ನಾನು ನನ್ನ ಹೆಸರನ್ನೂ ಮಂಜುನಾಥನ ಹೆಸರನ್ನೂ ಕೊಟ್ಟೆ. ಎರಡು ದಾರಿಯೆಂದರೆ ನನಗೆ ಮೊದಲು ನೆನಪಾಗುತ್ತಿದ್ದ ಜೋಡಿ ಅದೇ. ಭಾವ ಎಂದು ಬಂತು. ಯಾವ ದಾರಿಯನ್ನು ಏಕೆ ಬಿಟ್ಟಿತೆಂದು ಕೇಳಿದರು. ವಿವರಿಸಿದೆ. ಅವರು ತಲೆದೂಗಿ, ಅಂಕಪಟ್ಟಿಯ ಮೇಲೆ ಪೆನ್ನು ಇಟ್ಟು, ಪ್ರೋಗ್ರಾಂ ತೋರಿಸೆಂದರು. ನೀಲಿ ಪರದೆಯನ್ನು ಅವರೇ ಮೆಲ್ಲಗೆ ಕೆಳಕ್ಕೆ ಸರಿಸುತ್ತ ಹೋದರು. ಒಂದು ಕಡೆ ನಿಲ್ಲಿಸಿದರು. ಕನ್ನಡಕವನ್ನು ಮೇಲಕ್ಕೆ ತಳ್ಳಿ, ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿಕೊಂಡು ಓದಿದರು.

“‘ನಂಗೂ ತಂಗಿ ಇಲ್ಲ.’ ಇದೇನಮ್ಮ?”

“ಅದು ಯಂತ್ರ ಓದೋ ಸಾಲಲ್ಲ ಸರ್.”

“ಅದು ಗೊತ್ತು. ನೀನು ಬರೆದದ್ದಲ್ಲವಲ್ಲ. ಬೇರೆಯವರ ಕೈಯಲ್ಲಿ ಪ್ರಾಜೆಕ್ಟ್ ಮಾಡಿಸಿದ್ದೀಯಾ?”

ಬಾಗಿಲ ಬಳಿ ನಿಂತಿದ್ದ ಮೇಡಂ ನನ್ನತ್ತ ತಿರುಗಿದರು. ಅಕ್ಕಪಕ್ಕದ ಟೈಪಿಂಗ್ ನಿಂತಿತು.

“ಇಲ್ಲ ಸರ್. ತಪ್ಪು ಎಲ್ಲಿದೆ ಅಂತ ತೋರಿಸುತ್ತಿದ್ದ, ಅಷ್ಟೇ. ತಿದ್ದಿದ್ದು ನಾನೇ.”

“ಯಾರು ತೋರಿಸುತ್ತಿದ್ದದ್ದು?”

“ಮಂಜುನಾಥ ಸರ್.”

“ಮಂಜುನಾಥ ಅಂದರೆ ಯಾರು?”

ಆ ಎರಡು ವರ್ಷಗಳಲ್ಲಿ ನಾನು ಅವನನ್ನು ಬಾಯಿ ತುಂಬ ಏನೆಂದೂ ಕರೆದಿರಲಿಲ್ಲ. ಮನೆಯಲ್ಲಿ ಕರೆಯುವಂತಿರಲಿಲ್ಲ, ಕಡತದಲ್ಲಿ ಕರೆಯುವ ಅಗತ್ಯ ಬಿದ್ದಿರಲಿಲ್ಲ. ಇಲ್ಲಿ ಕೇಳುತ್ತಿದ್ದವರು ನಮ್ಮ ನೆಂಟರಲ್ಲ, ಸಂಜೆಯ ಬಸ್ಸಿಗೆ ಹೋಗಿಬಿಡುವವರು.

“ನಮ್ಮಣ್ಣ ಸರ್,” ಎಂದೆ.

ಅವರು ನನ್ನನ್ನೊಮ್ಮೆ, ಪಕ್ಕದಲ್ಲಿ ಬರೆದುಕೊಂಡಿದ್ದ ಉತ್ತರವನ್ನೊಮ್ಮೆ ನೋಡಿದರು.

“ಈಗತಾನೇ ನಿನ್ನ ಪ್ರೋಗ್ರಾಂ ಅವನನ್ನ ಭಾವ ಅಂದಿತಲ್ಲಮ್ಮ?”

“ಹೌದು ಸರ್. ಪ್ರೋಗ್ರಾಂ ಸರಿಯಾಗೇ ಇದೆ ಸರ್.”